ಎಕೋ ಕಾಣದ ಇಪ್ಪತ್ತಾರು ಮೆಟ್ಟಿಲು

ನಾನು ಪಾಠ ಮಾಡುವ ಕಾಲೇಜು ಕಡೂರಿನಲ್ಲಿದೆ. ಗಣಿತದ ತರಗತಿ ಮಹಡಿಯ ಮೇಲೆ. ನೆಲದಿಂದ ಅಲ್ಲಿಗೆ ಇಪ್ಪತ್ತಾರು ಮೆಟ್ಟಿಲು, ಹದಿಮೂರಕ್ಕೆ ಒಂದು ತಿರುವು. ಕೆಲಸಕ್ಕೆ ಸೇರಿದ ಮೊದಲ ವರ್ಷ ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ಗಟ್ಟಿಯಾಗಿರುವವರು ಮೆಟ್ಟಿಲು ಎಣಿಸುವುದಿಲ್ಲ.

ಎರಡನೆಯ ವರ್ಷ ಎಣಿಸತೊಡಗಿದೆ. ಮೇಲೆ ತಲುಪಿದಾಗ ಮಾತಾಡಲು ಆಗುತ್ತಿರಲಿಲ್ಲ. ಅದಕ್ಕೆ ಒಂದು ಉಪಾಯ ಕಂಡುಕೊಂಡೆ. ತರಗತಿಗೆ ಹೋದ ಕೂಡಲೇ ವಿದ್ಯಾರ್ಥಿಗಳ ಕಡೆಗೆ ಬೆನ್ನು ಮಾಡಿ ಹಲಗೆಯ ಮೇಲೆ ತಾರೀಖು, ಪಾಠದ ಹೆಸರು, ಹಿಂದಿನ ದಿನದ ಒಂದು ಲೆಕ್ಕ ಬರೆಯುತ್ತಿದ್ದೆ. ನಿಧಾನವಾಗಿ, ದುಂಡಗೆ. ಬರೆದು ಮುಗಿಯುವಷ್ಟರಲ್ಲಿ ‘ಬಿಡಿಸಿ’ ಎಂಬ ಒಂದು ಪದಕ್ಕೆ ಸಾಕಾಗುವಷ್ಟು ಉಸಿರು ಬಂದಿರುತ್ತಿತ್ತು. ಅವರು ಬಿಡಿಸುವವರೆಗೆ ಇನ್ನು ಐದು ನಿಮಿಷ ಸಿಗುತ್ತಿತ್ತು. ಹಾಜರಿಯನ್ನು ಗಂಟೆಯ ಕೊನೆಗೆ ತಳ್ಳಿದೆ. ವರ್ಷದ ಕೊನೆಯ ಸಭೆಯಲ್ಲಿ ಪ್ರಿನ್ಸಿಪಾಲರು, “ದಿನಾ ಹಿಂದಿನ ಪಾಠದ ರಿವಿಷನ್ ಮಾಡಿಸೋರು ಅಂದ್ರೆ ನಮ್ಮ ಮ್ಯಾಥ್ಸ್ ಮೇಡಂ ಒಬ್ಬರೇ” ಎಂದು ಹೊಗಳಿದರು. ನಾನು ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ಒಬ್ಬರು ಮಾತ್ರ ಹಾಗೆ ಅಂದುಕೊಂಡಿರಲಿಲ್ಲ. ಖೈರುನ್ನೀಸಾ ನಮ್ಮ ಕಾಲೇಜಿನ ಅಟೆಂಡರ್, ಎಲ್ಲರಿಗೂ ಖೈರಮ್ಮ. ತರೀಕೆರೆಯ ಹೆಣ್ಣುಮಗಳು, ಮದುವೆಯಾಗಿ ಕಡೂರಿಗೆ ಬಂದವರು. ಗಂಟೆ ಹೊಡೆಯುವುದು ಅವರ ಕೆಲಸ. ನಮ್ಮಲ್ಲಿ ಗಂಟೆ ಎಂದರೆ ಮೆಟ್ಟಿಲ ಬುಡದಲ್ಲಿ ತೂಗುಹಾಕಿದ ರೈಲುಕಂಬಿಯ ಒಂದು ತುಂಡು, ಅದಕ್ಕೊಂದು ಕಬ್ಬಿಣದ ಗೂಟ. ಒಂದು ದಿನ ಹದಿಮೂರನೆಯ ಮೆಟ್ಟಿಲ ತಿರುವಿನಲ್ಲಿ ಒಂದು ಸ್ಟೂಲು, ಒಂದು ನೀರಿನ ಹೂಜಿ ಕಂಡವು.

“ಇದು ಯಾರಿಗೆ ಖೈರಮ್ಮ?”

“ಹೂಜಿಗೆ ಮೇಡಂ. ಕೆಳಗಿಟ್ರೆ ಹುಡುಗ್ರು ಒಡೆದಾಕ್ತಾರೆ.”

ಹೂಜಿ ನೆಲದ ಮೇಲಿತ್ತು. ಸ್ಟೂಲು ಖಾಲಿ ಇತ್ತು.

ನಾನು ಅದರ ಮೇಲೆ ಕೂರಲಿಲ್ಲ. ಕೈಯೂರಿ ನಿಂತೆ, ಹೂಜಿಯ ನೀರು ನೋಡುವವಳ ಹಾಗೆ. ಆಮೇಲೆ ಗಮನಿಸಿದೆ, ನಾನು ಕೊನೆಯ ಮೆಟ್ಟಿಲು ದಾಟುವವರೆಗೂ ಅವರು ಗಂಟೆ ಹೊಡೆಯುತ್ತಿರಲಿಲ್ಲ. ಇಡೀ ಕಾಲೇಜು ನನ್ನ ಉಸಿರಿಗೋಸ್ಕರ ದಿನಕ್ಕೆ ಎರಡು ಸಲ ಒಂದೊಂದು ನಿಮಿಷ ಕಾಯುತ್ತಿತ್ತು. ಅದು ಖೈರಮ್ಮನಿಗೂ ನನಗೂ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಕೃತಜ್ಞತೆಗಿಂತ ಮೊದಲು ನನಗೆ ಬಂದದ್ದು ಸಿಟ್ಟು. ನನ್ನ ಗುಟ್ಟು ಇನ್ನೊಬ್ಬರ ಕೈಯಲ್ಲಿದೆ ಎಂಬ ಸಿಟ್ಟು.

ನಮ್ಮ ಮನೆ ಅಜ್ಜಂಪುರದಲ್ಲಿ. ಬೆಳಗಿನ ಪ್ಯಾಸೆಂಜರಿಗೆ ಬೀರೂರು ದಾಟಿ ಕಡೂರಿಗೆ ಬಂದು, ಸಂಜೆ ಹಿಂದಿರುಗುತ್ತಿದ್ದೆ. ಅಪ್ಪನಿಗೆ ಈರುಳ್ಳಿ ಮಂಡಿ. ಮಾತು ಕಡಿಮೆ, ಕಾಗದದ ಮೇಲೆ ನಂಬಿಕೆ ಹೆಚ್ಚು. ಬರವಣಿಗೆಯಲ್ಲಿ ಬಾರದ ಯಾವುದನ್ನೂ ಅವರು ಪೂರ್ತಿ ನಿಜ ಎಂದು ಒಪ್ಪುತ್ತಿರಲಿಲ್ಲ. ನನ್ನ ದಿಂಬು ಒಂದರಿಂದ ಎರಡಾದದ್ದನ್ನು ಮೊದಲು ಕಂಡವಳು ಅವ್ವ. “ಮಲಗಿದ್ರೆ ಎದೆ ಒತ್ತುತ್ತೇನೇ?” ಅಂದಳು. “ಇಲ್ಲ, ಓದೋಕೆ ಎತ್ತರ ಬೇಕು” ಅಂದೆ. ಮೂರನೆಯ ದಿಂಬು ಬಂದ ದಿನ ಅವಳು ಕೇಳಲೇ ಇಲ್ಲ, ಅಪ್ಪನಿಗೆ ಹೇಳಿ ತರೀಕೆರೆಯ ಬಸ್ಸು ಹತ್ತಿಸಿದಳು.

ತರೀಕೆರೆಯ ಡಾಕ್ಟರು ನಮ್ಮ ಕಡೆಯ ಮೂರು ತಲೆಮಾರಿನವರ ನಾಡಿ ಹಿಡಿದವರು. ಕೆಳಗೆ ಕ್ಲಿನಿಕ್, ಮೇಲೆ ಮನೆ. ನನ್ನನ್ನು ಎಡಮಗ್ಗುಲಿಗೆ ಮಲಗಿಸಿ ಸ್ಟೆತಾಸ್ಕೋಪು ಇಟ್ಟು ಕಣ್ಣು ಮುಚ್ಚಿಕೊಂಡರು. ಎಷ್ಟು ಹೊತ್ತು ಎಂದರೆ, ನಿದ್ದೆ ಬಂತೇನೋ ಎಂದು ಅವ್ವ ಕೆಮ್ಮಿದಳು.

“ಚಿಕ್ಕವಳಿದ್ದಾಗ ಕೀಲುನೋವು ಬಂದಿತ್ತಾ ಇವಳಿಗೆ?”

“ಬಂದಿತ್ತು ಸ್ವಾಮಿ, ಹತ್ತು ವರ್ಷ ಇದ್ದಾಗ. ಜ್ವರ. ಇವತ್ತು ಮಂಡಿ ಊದಿದ್ರೆ ನಾಳೆ ಮೊಣಕೈ. ಹರಳೆಣ್ಣೆ ಹಚ್ಚಿದ್ವಿ, ಹೋಯ್ತು.”

“ಕೀಲಿಂದ ಹೋಯ್ತು ಕಣಮ್ಮ. ಹೃದಯದಲ್ಲಿ ಗುರುತು ಬಿಟ್ಟು ಹೋಯ್ತು.”

ಹೃದಯದ ಎರಡು ಕೋಣೆಗಳ ನಡುವಿನ ಕವಾಟ ಅಂಟಿಕೊಂಡು ಕಿರಿದಾಗಿದೆ ಎಂದು ಅವರು ಹೇಳಿದರು. ಎಷ್ಟು ಕಿರಿದು ಎಂದು ಅಪ್ಪ ಕೇಳಿದರು. ಬಹಳ ಕಿರಿದಾಗಿದ್ದರೆ ಆಪರೇಷನ್. ಅಷ್ಟೇನಿಲ್ಲದಿದ್ದರೆ ಮಾತ್ರೆ ಮತ್ತು ಮೂರು ವಾರಕ್ಕೊಂದು ಇಂಜೆಕ್ಷನ್. ಎಲ್ಲವೂ ಆ ಒಂದು ಅಳತೆಯ ಮೇಲೆ ನಿಂತಿತ್ತು.

“ಅಷ್ಟು ಕಿವಿಗೆ ತಿಳಿಯಲ್ಲ” ಅಂದರು ಡಾಕ್ಟರು. “ಬೆಂಗಳೂರಲ್ಲಿ ಎಕೋ ಅಂತ ಹೊಸ ಮಿಷನ್ ಬಂದಿದೆ. ಎದೆ ಕೊಯ್ಯದೆ ಒಳಗೆ ನೋಡ್ತಾರೆ. ಶಬ್ದ ಕಳಿಸಿ, ಅದು ತಿರುಗಿ ಬಂದಿದ್ದನ್ನ ಚಿತ್ರ ಮಾಡ್ತಾರೆ.”

“ರಿಪೋರ್ಟು ಬರೆದು ಕೊಡ್ತಾರಾ?” ಅಪ್ಪನ ಪ್ರಶ್ನೆ.

“ಟೈಪ್ ಮಾಡಿ ಕೊಡ್ತಾರೆ.”

ಅಪ್ಪನಿಗೆ ಸಮಾಧಾನವಾಯಿತು.

ಎಕೋಗೆ ದಿನ ಸಿಕ್ಕಿದ್ದು ಮೂರು ವಾರದ ನಂತರ. ಆ ಮೂರು ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ. ಶಾಲೆಗೆ ಇನ್‌ಸ್ಪೆಕ್ಟರು ಬರುವ ಮುಂಚೆ ಸುಣ್ಣ ಹೊಡೆಯುತ್ತಾರಲ್ಲ, ಹಾಗೆ ಅವ್ವ ನನ್ನ ಹೃದಯಕ್ಕೆ ಸುಣ್ಣ ಹೊಡೆದಳು. ಕಾಲೇಜಿಗೆ ರಜೆ ಹಾಕಿಸಿದಳು. ಕೊಡ ಮುಟ್ಟುವಂತಿಲ್ಲ, ಕಸಪೊರಕೆ ಮುಟ್ಟುವಂತಿಲ್ಲ, ಹಿತ್ತಿಲಿಗೆ ಹೋಗುವುದಾದರೂ ನಿಧಾನ. ಸಾರಿಗೆ ಉಪ್ಪು ಹಾಕಲಿಲ್ಲ. ಮೈಯ ನೀರು ಇಳಿಸುವ ಮಾತ್ರೆಯನ್ನು ಹೊತ್ತು ತಪ್ಪದೆ ಕೈಗಿಟ್ಟಳು. “ನೋಡೋ ದಿನ ಚೆನ್ನಾಗಿ ಕಾಣ್ಬೇಕು ಕಣೇ” ಎನ್ನುತ್ತಿದ್ದಳು. ಪರೀಕ್ಷೆ ಪಾಸು ಮಾಡಲಿಕ್ಕಿರುವುದು ಎಂದು ಅವಳು ತಿಳಿದಿದ್ದಳು. ಎಂ.ಎಸ್ಸಿ. ಓದಿದ ನಾನೂ ಹಾಗೇ ತಿಳಿದಿದ್ದೆ.

ಬೆಂಗಳೂರಿನಲ್ಲಿ ನನ್ನ ಅಕ್ಕನ ಮನೆ. ಆಸ್ಪತ್ರೆಗೆ ಕರೆದೊಯ್ದವರು ಭಾವ, ಅಕ್ಕನ ಗಂಡ. ಒಳ್ಳೆಯ ಮನುಷ್ಯ, ಆದರೆ ಸುಮ್ಮನಿರಲಾರರು. ಕಾಯುವ ಕೋಣೆಯಲ್ಲಿ ಮೂರು ಗಂಟೆ ಕೂತೆವು. ಎದುರಿಗೆ ತುಟಿ ನೀಲಿಯಾದ ಒಂದು ಮಗು ತಾಯಿಯ ಬಳೆ ತಿರುಗಿಸುತ್ತಾ ಕೂತಿತ್ತು. ಹತ್ತು ಬಳೆ, ಒಂದೊಂದನ್ನೂ ಬಲಕ್ಕೆ, ಮತ್ತೆ ಎಡಕ್ಕೆ. ಆ ಮಗುವನ್ನು ನೋಡಿ ನನ್ನದೇನೂ ದೊಡ್ಡದಲ್ಲ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

ಒಳಗೆ ಕತ್ತಲೆ. ಎಡಮಗ್ಗುಲಿಗೆ ಮಲಗಿಸಿದರು. ನರ್ಸು ಒಂದು ಬಿಳಿ ಬಟ್ಟೆ ಹೊದಿಸಿ, ಅದರಲ್ಲಿ ಬೇಕಾದಷ್ಟನ್ನೇ ಸರಿಸಿದರು. ತಣ್ಣನೆಯ ಲೋಳೆಯಂಥದ್ದನ್ನು ಹಚ್ಚಿದರು. ಪರೀಕ್ಷೆ ಮಾಡಿದವರು ಸಣ್ಣ ವಯಸ್ಸಿನ ಡಾಕ್ಟರು, ಕನ್ನಡ ಚೆನ್ನಾಗಿತ್ತು. ನಾನು ಗೋಡೆ ನೋಡುತ್ತಿದ್ದೆ. ಪರದೆಯ ಮೇಲೆ ನನ್ನ ಹೃದಯ ಕಾಣುತ್ತಿದೆ ಎಂದು ಗೊತ್ತಿತ್ತು. ತಲೆ ತಿರುಗಿಸಿದ್ದರೆ ನನಗೂ ಕಾಣುತ್ತಿತ್ತು. ತಿರುಗಿಸಲಿಲ್ಲ. ಬೇರೆಯವರು ನೋಡುತ್ತಿರುವಾಗ ನಾನೂ ಸೇರಿ ನೋಡುವುದು ಹೇಗೆ?

“ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಾ?” ಕೈ ಆಡಿಸುತ್ತಲೇ ಕೇಳಿದರು.

ಅಡ್ಡಪರದೆಯ ಆಚೆಯಿಂದ ಭಾವ ಅಂದರು, “ಏನಿಲ್ಲ ಸಾರ್. ಮನೇಲಿ ಎಲ್ಲಾ ಕೆಲಸ ಮಾಡ್ತಾಳೆ. ದಿನಾ ಟ್ರೇನಲ್ಲಿ ಓಡಾಡ್ತಾಳೆ.”

“ನೀವು ಹೇಳಿ” ಅಂದರು ಡಾಕ್ಟರು ನನಗೆ.

ನನಗೆ ಈಗಲೂ ಆ ಕ್ಷಣ ಬಿಡಿಸಲಾಗದ ಲೆಕ್ಕ. ಮೂರು ವಾರ ಮೆಟ್ಟಿಲು ಹತ್ತಿರಲಿಲ್ಲ, ಆದ್ದರಿಂದ ‘ಇಲ್ಲ’ ಎನ್ನುವುದು ಪೂರ್ತಿ ಸುಳ್ಳಾಗಿರಲಿಲ್ಲ. ಭಾವನನ್ನು ಸುಳ್ಳುಗಾರನನ್ನಾಗಿ ಮಾಡಲು ಮನಸ್ಸು ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಎದೆ ತೆರೆದು ಮಲಗಿದ್ದವಳಿಗೆ ಮುಚ್ಚಿಕೊಳ್ಳಲು ಏನಾದರೂ ಒಂದು ಬೇಕಿತ್ತು.

“ಇಲ್ಲ” ಎಂದೆ.

ರಿಪೋರ್ಟು ಸಂಜೆ ಕೈಗೆ ಬಂತು. ಕವಾಟ ಸ್ವಲ್ಪ ಕಿರಿದಾಗಿದೆ, ಈಗ ಆಪರೇಷನ್ ಬೇಕಿಲ್ಲ, ವರ್ಷಕ್ಕೊಮ್ಮೆ ನೋಡಿದರೆ ಸಾಕು. ಅಕ್ಕ ಅತ್ತುಬಿಟ್ಟಳು. ಭಾವ ಹೋಟೆಲಿನಿಂದ ಮೈಸೂರುಪಾಕು ತಂದರು. ಅಜ್ಜಂಪುರದಲ್ಲಿ ಅಪ್ಪ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಜಮೀನಿನ ಪಹಣಿ ಇಡುವ ಟ್ರಂಕಿನಲ್ಲಿ ಇಟ್ಟರು. ಮಂಡಿಗೆ ಬಂದವರಿಗೆಲ್ಲ ಹೇಳಿದರು, “ಬೆಂಗ್ಳೂರಲ್ಲಿ ಹೃದಯದ ಒಳಗೇ ನೋಡವ್ರೆ. ಏನೂ ಇಲ್ವಂತೆ.” ಸ್ವಲ್ಪ ಎನ್ನುವುದು ಅಜ್ಜಂಪುರ ತಲುಪುವಷ್ಟರಲ್ಲಿ ಏನೂ ಇಲ್ಲ ಆಗಿತ್ತು.

ಆಮೇಲಿನ ಆರು ತಿಂಗಳು ನನ್ನ ಜೀವನದ ಕೆಟ್ಟ ಕಾಲ. ಮುಂದೆ ಬಂದ ಆಪರೇಷನ್ನಿನ ದಿನಗಳೂ ಇಷ್ಟು ಕೆಟ್ಟವಾಗಿರಲಿಲ್ಲ. ಕಾಲೇಜಿಗೆ ಮರಳಿದೆ, ಮೆಟ್ಟಿಲು ಮತ್ತೆ ಎದುರಾಯಿತು, ಉಸಿರು ಮೊದಲಿಗಿಂತ ಬೇಗ ಕೈಕೊಟ್ಟಿತು. ಮೊದಲು ಕಾಯಿಲೆ ಇರಬಹುದು ಎಂದಾದರೂ ಅಂದುಕೊಳ್ಳಬಹುದಿತ್ತು. ಈಗ ‘ಸ್ವಲ್ಪ’ ಎಂದಷ್ಟೇ ಟೈಪಾಗಿತ್ತು. ಹಾಗಾದರೆ ಇದೇನು? ಸೋಮಾರಿತನವೇ? ಹೆದರಿಕೆಯೇ? ರೈಲಿನಲ್ಲಿ ಕೂತು ನನ್ನ ಪಕ್ಕದವರ ಉಸಿರಿನ ಜೊತೆ ನನ್ನದನ್ನು ಹೋಲಿಸಿ ಎಣಿಸುತ್ತಿದ್ದೆ. ಬೀರೂರಿನಲ್ಲಿ ಇಳಿಯುವ ಮುದುಕಿಯರು ತಲೆಯ ಮೇಲೆ ಗಂಟು ಹೊತ್ತು ಸರಸರ ನಡೆದುಹೋಗುತ್ತಿದ್ದರು. ನಾನು ಇಪ್ಪತ್ತಾರು ವರ್ಷದವಳು. ಭಾವ ಕಾಗದ ಬರೆದಿದ್ದರು, ‘ಎಲ್ಲ ಮನಸ್ಸಿನದು, ಧೈರ್ಯವಾಗಿರು.’ ಧೈರ್ಯವಾಗಿಯೇ ಇದ್ದೆ. ಧೈರ್ಯ ಏಳನೆಯ ಮೆಟ್ಟಿಲವರೆಗೆ ಬರುತ್ತಿತ್ತು.

ಚಳಿಗಾಲದಲ್ಲಿ ಕೆಮ್ಮು ಶುರುವಾಯಿತು. ಒಂದು ಶನಿವಾರ ಹಲಗೆಯ ಮೇಲೆ ತಾರೀಖು ಬರೆಯುತ್ತಿದ್ದಾಗ ಕೆಮ್ಮಿದೆ. ಕರವಸ್ತ್ರದಲ್ಲಿ ತೆಳು ಕೆಂಪು. ಅದನ್ನು ಮಡಿಸಿ ಚೀಲದಲ್ಲಿಟ್ಟು ಪಾಠ ಮುಗಿಸಿದೆ. ಶಂಕುವನ್ನು ಅಡ್ಡಕ್ಕೆ ಕತ್ತರಿಸಿದರೆ ವೃತ್ತ, ಓರೆಯಾಗಿ ಕತ್ತರಿಸಿದರೆ ದೀರ್ಘವೃತ್ತ. ಅಂದಿನ ಪಾಠ ಅದು. ಒಂದು ಚಿತ್ರವೂ ಸೊಟ್ಟಗಾಗಲಿಲ್ಲ. ಅದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಇಳಿದು ಬಂದಾಗ ಖೈರಮ್ಮ ಮೆಟ್ಟಿಲ ಬುಡದಲ್ಲಿ ನಿಂತಿದ್ದರು.

“ಮೇಡಂ, ನಂಗೆ ಮಂಡಿ ನೋವು. ತರೀಕೆರೆ ಡಾಕ್ಟ್ರ ಹತ್ರ ಹೋಗ್ಬೇಕು. ಚೀಟಿ ಓದಕ್ಕೆ ನಂಗ್ ಬರಲ್ಲ. ಜೊತೇಗ್ ಬನ್ನಿ.”

“ಇವತ್ತೇನಾ?”

“ಇವತ್ತು ಅರ್ಧ ದಿನ. ಬಸ್ಸು ಬಂತು ನೋಡಿ.”

ಬಸ್ಸಿನಲ್ಲಿ ಅವರು ಮಂಡಿಯನ್ನು ಒಮ್ಮೆಯೂ ಮುಟ್ಟಿಕೊಳ್ಳಲಿಲ್ಲ. ನಾನೂ ಕೇಳಲಿಲ್ಲ. ಅವರ ಸುಳ್ಳು ನನಗೆ ಬೇಕಾಗಿತ್ತು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಖೈರಮ್ಮನನ್ನು ನೋಡಿ, ನನ್ನನ್ನು ನೋಡಿ, “ಬಂದ್ಯಾ?” ಅಂದರು. “ನಿಮ್ಮಪ್ಪ ಕಾಗದ ತಂದು ತೋರಿಸಿದ್ರು. ಕಾಗದದ ಜೊತೆ ಹುಡುಗೀನೂ ಕರ್ಕೊಂಡ್ಬನ್ನಿ ಅಂದೆ. ಆಯ್ತು ಅಂದೋರು ಬರ್ಲೇ ಇಲ್ಲ.” ನನಗೆ ಇದು ಹೊಸ ಸಂಗತಿ.

ಆಮೇಲೆ ಅವರು, “ಬಾಯಾರಿಕೆ ಆಗ್ತಿದೆ. ಮೇಲೆ ಹೋಗಿ ನಮ್ಮನೆಯವರ ಹತ್ರ ಒಂದು ಲೋಟ ನೀರು ಇಸ್ಕೊಂಡು ಬಾ ಮಗ” ಅಂದರು.

ಮೆಟ್ಟಿಲು ಹತ್ತಿದೆ. ಮನೆಯಮ್ಮ ಬಾಗಿಲಲ್ಲೇ ತುಂಬಿದ ಲೋಟ ಹಿಡಿದು ನಿಂತಿದ್ದರು, ದಿನವೂ ಅದೇ ಕೆಲಸ ಎನ್ನುವ ಹಾಗೆ. ನಾನು ಲೋಟ ತೆಗೆದುಕೊಂಡು, ಅಲ್ಲೇ ಕಿಟಕಿಯ ಹತ್ತಿರ ನಿಂತು ಬೀದಿ ನೋಡಿದೆ. ಉಸಿರು ಸರಿಹೋಗುವವರೆಗೆ ನೋಡಿದೆ. ಸೆರಗು ಸರಿಮಾಡಿಕೊಂಡು, ಮುಖ ಒರೆಸಿಕೊಂಡು, ಒಂದು ಹನಿಯೂ ಚೆಲ್ಲದೆ ಇಳಿದೆ.

ಡಾಕ್ಟರು ಕೈಗಡಿಯಾರ ನೋಡುತ್ತಿದ್ದರು. “ಒಂದು ಲೋಟ ನೀರಿಗೆ ಏಳು ನಿಮಿಷ. ನಮ್ಮನೆಯವರು ಬಾವಿ ತೋಡಿಸಿದ್ರಾ?”

ನಾನು ಲೋಟವನ್ನು ಮೇಜಿನ ಮೇಲಿಟ್ಟೆ.

“ಎದೆಬಡಿತ ಜೋರಾಗಿರೋವಾಗ ಇಲ್ಲಿ ಬಂದು ಮಲಗಲಿ, ಆಗ ಕವಾಟದ ಸದ್ದು ಸರಿಯಾಗಿ ಕೇಳುತ್ತೆ ಅಂತ ಎಲ್ಲರನ್ನೂ ನೀರಿಗೆ ಕಳಿಸ್ತೀನಿ. ಮೂವತ್ತು ವರ್ಷದಲ್ಲಿ ಮೇಲೇ ನಿಂತು ಸುಧಾರಿಸಿಕೊಂಡು ಬಂದೋಳು ನೀನೊಬ್ಳೇ.”

ಆಗ ಖೈರಮ್ಮ ಬಾಯಿ ಬಿಟ್ಟರು. ಅಷ್ಟು ಹೊತ್ತು ಬಾಗಿಲ ಹತ್ತಿರ ನಿಂತೇ ಇದ್ದರು.

“ಡಾಕ್ಟರ್ ಸಾಬ್, ನಮ್ ಕಾಲೇಜಲ್ಲಿ ಇಪ್ಪತ್ತಾರು ಮೆಟ್ಲು. ಹೋದ್ವರ್ಷ ಈ ಮೇಡಂ ಹದಿಮೂರಕ್ಕೆ ಒಂದ್ಸಲ ನಿಲ್ಲೋರು. ಬೆಂಗ್ಳೂರಿಂದ ಬಂದ್ಮೇಲೆ ಹತ್ತಕ್ಕೊಂದ್ಸಲ. ದಸರಾ ರಜ ಮುಗಿದ್ಮೇಲೆ ಏಳಕ್ಕೆ. ಈ ವಾರ ಐದಕ್ಕೇ ನಿಂತವ್ರೆ. ನಾನು ಗಂಟೆ ಹೊಡ್ಯೋಳು, ನಂಗ್ ಗೊತ್ತಿರಲ್ವಾ? ಇವತ್ತು ಕರ್ಚೀಫಲ್ಲಿ ಏನೋ ಮುಚ್ಚಿಟ್ಕೊಂಡವ್ರೆ. ಕೇಳಿ.”

ನನ್ನ ಕಿವಿ ಬಿಸಿಯಾಯಿತು. ಚೀಲ ತೆರೆದು ಕರವಸ್ತ್ರ ಮೇಜಿನ ಮೇಲಿಟ್ಟೆ. ಯಾರಿಗೂ ತೋರಿಸದೆ ಕೂಡಿಟ್ಟ ಒಂದು ವರ್ಷ ಅಲ್ಲಿ ಬಿಚ್ಚಿಕೊಂಡಿತು. ಡಾಕ್ಟರು ಅದನ್ನು ನೋಡಿ, ನಗೆ ಬಿಟ್ಟು, ಬಹಳ ಮೆತ್ತಗೆ ಅಂದರು, “ಇನ್ನೊಂದು ಸಲ ಹೋಗಿ ಬಾ ಮಗ. ಈ ಸಲ ಮೇಲೆ ನಿಲ್ಬೇಡ.”

ಹೋದೆ. ನಿಲ್ಲದೆ ಬಂದೆ. ಲೋಟದ ನೀರು ಅರ್ಧ ಸೀರೆಯ ಮೇಲಿತ್ತು. ಅವರು ಎಡಮಗ್ಗುಲಿಗೆ ಮಲಗಿಸಿ ಸ್ಟೆತಾಸ್ಕೋಪು ಇಟ್ಟರು. ಈ ಸಲ ಕಣ್ಣು ಮುಚ್ಚುವ ಅಗತ್ಯವೇ ಬೀಳಲಿಲ್ಲ.

ಬೆಂಗಳೂರಿನ ಡಾಕ್ಟರಿಗೆ ಅವರು ಬರೆದ ಪತ್ರದಲ್ಲಿ ನಾಲ್ಕೇ ಸಾಲು. ಅದರಲ್ಲಿ ಒಂದು, ‘ದಯವಿಟ್ಟು ಮೆಟ್ಟಿಲು ಹತ್ತಿಸಿದ ನಂತರವೂ ನೋಡಿ’ ಎಂದು. ಖೈರಮ್ಮ ಹೇಳಿದ ನಾಲ್ಕು ಅಂಕಿಗಳನ್ನೂ ಕೆಳಗೆ ಬರೆದಿದ್ದರು. ಹದಿಮೂರು, ಹತ್ತು, ಏಳು, ಐದು.

ಅಪ್ಪನಿಗೆ ಹೇಳಿದಾಗ ಅವರು ಎದ್ದು ಟ್ರಂಕು ತೆಗೆದರು. ಹಳೆಯ ರಿಪೋರ್ಟನ್ನು ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಇಂಗ್ಲಿಷ್ ಓದಲು ಅವರಿಗೆ ಬರುವುದಿಲ್ಲ.

“ಇದು ಸುಳ್ಳಾ ಹಂಗಾದ್ರೆ?”

“ಸುಳ್ಳಲ್ಲ ಅಪ್ಪ. ಅವತ್ತು ಕಂಡಿದ್ದನ್ನ ಬರೆದಿದ್ದಾರೆ.”

ಅವರು ಹಾಳೆಯ ಮಡಿಕೆಯ ಗೆರೆಗಳನ್ನು ಬೆರಳಿನಿಂದ ಸವರಿದರು. “ಪಹಣೀಲಿ ಬಾವಿ ಐತೆ ಅಂತ ಬರ್ದಿರ್ತಾರೆ. ನೀರು ಎಷ್ಟೈತೆ ಅಂತ ಯಾರ್ ಬರೀತಾರೆ? ನಾನೇ ಇಣುಕಿ ನೋಡ್ಬೇಕಿತ್ತು ಕಣಮ್ಮ.” ಹಾಳೆಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿದರು. ಟ್ರಂಕಿಗೆ ಹಾಕಲಿಲ್ಲ, ಜೇಬಿಗೆ ಹಾಕಿಕೊಂಡರು.

ಈ ಸಲ ಅಪ್ಪನೂ ಬಂದರು. ಭಾವನೂ ಇದ್ದರು. ಅದೇ ಕಾಯುವ ಕೋಣೆ. ಬಳೆ ತಿರುಗಿಸುವ ಮಗುವಿಗಾಗಿ ಹುಡುಕಿದೆ, ಇರಲಿಲ್ಲ. ಅದಕ್ಕೆ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಸ್ಪತ್ರೆಯ ನೆನಪುಗಳಲ್ಲಿ ಹೀಗೆ ಅರ್ಧಕ್ಕೆ ನಿಂತವೇ ಹೆಚ್ಚು.

ಅದೇ ಡಾಕ್ಟರು ಪತ್ರ ಓದಿದರು. ಸಿಟ್ಟಾಗಬಹುದು ಎಂದುಕೊಂಡಿದ್ದೆ. ಅವರು ನರ್ಸನ್ನು ಜೊತೆಗೆ ಕಳಿಸಿ, ಆಸ್ಪತ್ರೆಯ ಮೆಟ್ಟಿಲನ್ನು ಎರಡು ಸಲ ಹತ್ತಿಸಿ, ಏದುತ್ತಿರುವಾಗಲೇ ಮಲಗಿಸಿದರು. ಹಿಂದಿನ ಸಲ ಹತ್ತು ನಿಮಿಷ ನೋಡಿದ್ದವರು ಈಗ ಮುಕ್ಕಾಲು ಗಂಟೆ ನೋಡಿದರು. ಕೈಯಲ್ಲಿದ್ದುದನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಸರಿಸುತ್ತಿದ್ದರು. ಕೊನೆಗೆ ದೀಪ ಹಾಕಿಸಿ, “ನೀವು ಏನು ಪಾಠ ಮಾಡ್ತೀರಿ?” ಅಂದರು.

“ಗಣಿತ.”

“ಹಾಗಾದರೆ ನಿಮಗೆ ಹೇಳುವುದು ಸುಲಭ.” ಮೇಜಿನ ಮೇಲಿದ್ದ ಒಂದು ಹಾಳೆ ತೆಗೆದು, ಕಡಲೆಕಾಯಿಯ ಪೊಟ್ಟಣದ ಹಾಗೆ ಸುತ್ತಿದರು. “ನಿಮ್ಮ ಕವಾಟ ಹೀಗಾಗಿದೆ. ಮೇಲೆ ಅಗಲ, ತುದಿಯಲ್ಲಿ ಕಿರಿದು. ಈ ಯಂತ್ರ ಇದನ್ನು ಅಡ್ಡಕ್ಕೆ ಕತ್ತರಿಸಿದ ಹಾಗೆ ತೋರಿಸುತ್ತೆ. ತುದಿಯಲ್ಲಿ ಕತ್ತರಿಸಿದರೆ ಇಷ್ಟು.” ಕಿರುಬೆರಳ ಉಗುರು ತೋರಿಸಿದರು. “ಸ್ವಲ್ಪ ಮೇಲೆ ಕತ್ತರಿಸಿದರೆ?”

ನಾನು ಉತ್ತರ ಹೇಳಬೇಕಾಗಿರಲಿಲ್ಲ. ರಕ್ತ ಕೆಮ್ಮಿದ ಆ ಶನಿವಾರ ಹಲಗೆಯ ಮೇಲೆ ನಾನು ಬರೆದದ್ದು ಅದೇ ಚಿತ್ರ.

“ಹೋದ ಸಲ ನಾನು ಮೇಲೆ ಕತ್ತರಿಸಿದೆ” ಅಂದರು ಅವರು. ಸುತ್ತಿ ಬಳಸಿ ಹೇಳಲಿಲ್ಲ. “ಈ ಯಂತ್ರ ನನ್ನ ಕೈ ನಿಂತ ಕಡೆ ನೋಡುತ್ತೆ. ನೀವು ಆವತ್ತು ಆರಾಮಾಗಿದ್ದಿರಿ, ತೊಂದರೆ ಇಲ್ಲ ಅಂದಿರಿ, ಕಂಡ ಅಳತೆಯೂ ನಿಮ್ಮ ಮಾತಿಗೆ ಸರಿಯಾಗಿ ಕೂತಿತು. ಹೌದು ಅಂದಿದ್ದರೆ, ಈ ಅಳತೆ ಯಾಕೆ ಹೊಂದುತ್ತಿಲ್ಲ ಅಂತ ಇನ್ನೊಂದು ಸಲ ಹುಡುಕುತ್ತಿದ್ದೆ.”

ಭಾವ ನೆಲ ನೋಡುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ಅಡ್ಡಪರದೆಯ ಆಚೆ ಇದ್ದವರು. ಈಚೆ ಇದ್ದವಳು ನಾನು. ತಪ್ಪಿನಲ್ಲಿ ಡಾಕ್ಟರ ಕೈಯ ಪಾಲೆಷ್ಟು, ಅವ್ವನ ಸುಣ್ಣದ ಪಾಲೆಷ್ಟು, ನನ್ನ ಒಂದು ಪದದ ಪಾಲೆಷ್ಟು ಎಂದು ಹಲವು ಸಲ ಭಾಗಿಸಲು ನೋಡಿದ್ದೇನೆ. ಶೇಷ ಉಳಿಯುತ್ತಲೇ ಇರುತ್ತದೆ.

ಯಂತ್ರವನ್ನು ದೂರುವುದು ನನ್ನ ಉದ್ದೇಶವಲ್ಲ. ಕವಾಟ ಇನ್ನೂ ಮೆತ್ತಗಿದೆ, ಸುಣ್ಣಕಟ್ಟಿಲ್ಲ, ಸೋರುತ್ತಿಲ್ಲ ಎಂದು ಎದೆ ಕೊಯ್ಯುವ ಮೊದಲೇ ತಿಳಿಸಿದ್ದು ಅದೇ. ಆದ್ದರಿಂದಲೇ ಹೃದಯವನ್ನು ನಿಲ್ಲಿಸದೆ, ಪಕ್ಕೆಯಿಂದ ಹೋಗಿ ಕವಾಟ ಬಿಡಿಸುವ ಸರಳ ಆಪರೇಷನ್ ಸಾಕಾಯಿತು. ಸರಳ ಎಂಬುದು ಅವರ ಪದ. ಒಂದು ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಇಲ್ಲವೋ ಮಾತ್ರ ಯಂತ್ರಕ್ಕೆ ಖಚಿತವಾಗಿ ಕಾಣುವುದಿಲ್ಲ, ಸರ್ಜನ್ನರ ಬೆರಳೇ ಹೇಳಬೇಕು ಎಂದರು. ಆ ವಾಕ್ಯವನ್ನು ಹೊತ್ತುಕೊಂಡು ಒಂಬತ್ತು ದಿನ ವಾರ್ಡಿನಲ್ಲಿ ಕಳೆದೆ. ಊಟದ ತಟ್ಟೆ ಬಂದರೆ ಬೆರಳು, ನರ್ಸು ನಾಡಿ ಹಿಡಿದರೆ ಬೆರಳು. ಪಕ್ಕದ ಹಾಸಿಗೆಯಲ್ಲಿದ್ದ ಲಕ್ಕವಳ್ಳಿಯ ಹೆಂಗಸು, ನನಗಿಂತ ಎರಡು ದಿನ ಮೊದಲು ಆಪರೇಷನ್ ಆದವಳು, ನನ್ನ ಮುಖ ನೋಡಿ ಅಂದಳು, “ಹೆದ್ರುಕೊಬ್ಯಾಡ ತಂಗಿ. ನೋವಾಗುತ್ತೆ. ಆಗಲ್ಲ ಅಂತ ಯಾರಾದ್ರೂ ಅಂದ್ರೆ ಅವ್ರನ್ನ ನಂಬಬ್ಯಾಡ. ಆದ್ರೆ ಮಲ್ಗಿದ್ರೆ ಒಂದೇ ದಿಂಬು ಸಾಕು, ನೋಡಿಲ್ಲಿ.” ಅವಳು ಒಂದೇ ದಿಂಬಿನ ಮೇಲೆ ಮಲಗಿದ್ದಳು. ಅಷ್ಟು ದಿನದಲ್ಲಿ ನನಗೆ ಯಾರೂ ಹೇಳಿರದ ಸಮಾಧಾನ ಅದು.

ಹೆಪ್ಪು ಇರಲಿಲ್ಲ. “ನನ್ನ ಕಿರುಬೆರಳ ತುದಿಯೂ ಹೋಗುತ್ತಿರಲಿಲ್ಲ, ಈಗ ಎರಡು ಬೆರಳು ಹೋಗುತ್ತೆ” ಎಂದು ಸರ್ಜನ್ನರು ಮರುದಿನ ಹೇಳಿದರು. ಅಪ್ಪ ಅದನ್ನು ಬರೆದುಕೊಡಿ ಎಂದು ಕೇಳಲಿಲ್ಲ.

ಕಾಲೇಜಿಗೆ ಮರಳಿದ್ದು ನಾಲ್ಕು ತಿಂಗಳ ಮೇಲೆ. ಸ್ಟೂಲು, ಹೂಜಿ ಅಲ್ಲೇ ಇದ್ದವು. ನಾನು ಹತ್ತಿದೆ. ಹದಿಮೂರು ಬಂತು, ಹೋಯಿತು. ಇಪ್ಪತ್ತಾರರಲ್ಲಿ ನಿಂತು ಗಂಟೆಗೆ ಕಾದೆ. ಗಂಟೆ ಆಗಲಿಲ್ಲ. ಬಗ್ಗಿ ನೋಡಿದರೆ ಖೈರಮ್ಮ ಗೂಟ ಎತ್ತಿ ಹಿಡಿದು ತಿರುವನ್ನೇ ನೋಡುತ್ತಾ ನಿಂತಿದ್ದರು.

“ಹೊಡೀರಿ ಖೈರಮ್ಮ, ಬಂದಾಯ್ತು.”

“ಯಾ ಅಲ್ಲಾ! ಯಾವಾಗ್ ಹೋದ್ರಿ? ಹೇಳಿ ಹೋಗ್ಬೇಕೋ ಬ್ಯಾಡ್ವೋ?” ಎಂದು ಬೈದು, ರೈಲುಕಂಬಿ ಸೀಳುವ ಹಾಗೆ ಹೊಡೆದರು.

ಇದು ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಬಿಡಿಸಿದ ಕವಾಟ ಮತ್ತೆ ಅಂಟಿಕೊಳ್ಳಬಹುದು. ಯಾವಾಗ ಎಂದು ಯಾರೂ ಹೇಳಲಾರರು. ಮೂರು ವಾರಕ್ಕೊಂದು ಇಂಜೆಕ್ಷನ್, ವರ್ಷಕ್ಕೊಂದು ಎಕೋ. ಪ್ರತಿ ಸಲ ದಿನ ಹತ್ತಿರ ಬಂದಂತೆ ನಾನು ಅಡುಗೆಮನೆಗೂ ವರಾಂಡಕ್ಕೂ ನಡುವೆ ಸುಮ್ಮನೆ ಓಡಾಡುತ್ತಿರುತ್ತೇನೆ. ಅವ್ವ ಈಗ ಸುಣ್ಣ ಹೊಡೆಯುವುದಿಲ್ಲ. “ಕಾಲೇಜಿಗ್ ಹೋಗಿದ್ದು ಬಾ” ಎಂದು ಅವಳೇ ಕಳಿಸುತ್ತಾಳೆ.

ಆಪರೇಷನ್ ಆಗಿ ಐದನೆಯ ವರ್ಷ ಇದು. ಕಳೆದ ತಿಂಗಳು ಹೋಗಿದ್ದೆ. ಅದೇ ಕತ್ತಲೆ ಕೋಣೆ, ಯಂತ್ರ ಮಾತ್ರ ಹೊಸದು. ಭಾವ ಅಡ್ಡಪರದೆಯ ಆಚೆ ನಿಂತಿದ್ದರು. ಡಾಕ್ಟರು ನೋಡಿ ಮುಗಿಸಿ, ಕೈಯಲ್ಲಿದ್ದುದನ್ನು ಒರೆಸಿ ಕೆಳಗಿಟ್ಟರು. “ಅಳತೆ ಹೋದ ವರ್ಷದ್ದೇ ಇದೆ. ಮೆಟ್ಟಿಲು ಹೇಗೆ?”

ಆಚೆಯಿಂದ ಭಾವ ಉಸಿರು ಎಳೆದುಕೊಂಡದ್ದು ಕೇಳಿಸಿತು. ಮಾತು ಬರಲಿಲ್ಲ. ನನಗಾಗಿ ಕಾದರು.

ದೀಪಾವಳಿ ಕಳೆದ ಮೇಲಿನ ಎರಡು ವಾರವನ್ನು ನಾನು ಯಾರಿಗೂ ಹೇಳಿರಲಿಲ್ಲ. ಖೈರಮ್ಮನಿಗೂ. ಆದರೆ ಗಂಟೆ ಮತ್ತೆ ಸ್ವಲ್ಪ ತಡವಾಗಿ ಆಗುತ್ತಿತ್ತು.

“ಇಪ್ಪತ್ತೆರಡರಲ್ಲಿ ಒಂದು ಸಲ ನಿಲ್ಲುತ್ತೇನೆ” ಎಂದೆ. ಆಚೆಗೂ ಕೇಳುವಷ್ಟು ಗಟ್ಟಿಯಾಗಿ.

ಡಾಕ್ಟರು ಕೆಳಗಿಟ್ಟದ್ದನ್ನು ಮತ್ತೆ ಕೈಗೆ ತೆಗೆದುಕೊಂಡರು. “ಹಾಗಾದರೆ ಎದ್ದೇಳಿ. ಮೆಟ್ಟಿಲು ಹತ್ತಿ ಬನ್ನಿ. ಇನ್ನೊಂದು ಸಲ ಹುಡುಕೋಣ.”

ಹತ್ತಿ ಬಂದು ಮಲಗಿದೆ. ಏದುತ್ತಿದ್ದೆ, ಮುಚ್ಚಿಡಲಿಲ್ಲ. ಅವರು ದೀಪ ಆರಿಸಿದಾಗ, ಗೋಡೆ ಬಿಟ್ಟು ಯಂತ್ರದ ಪರದೆಯ ಕಡೆ ತಲೆ ತಿರುಗಿಸಿದೆ.